ಮಲಗಿದ ಮರದ ಮುಂದೆ: ನಲ್ಲೂರಿನ ಹುಣಸೆ ತೋಪಿನಲ್ಲಿ ಆರು ವರ್ಷ

ನಲ್ಲೂರಿನ ಹುಣಸೆ ತೋಪಿನಲ್ಲಿ ಮಂಡಿಯೆತ್ತರದ ಒಂದು ಚಪ್ಪಟೆ ಬಂಡೆಯಿದೆ. ಅದರ ಮೇಲೆ ನಿಂತು ಪೂರ್ವಕ್ಕೆ ಮುಖ ಮಾಡಿದರೆ, ಯಾವುದೋ ಕಾಲದ ಗಾಳಿಮಳೆಗೆ ಒರಗಿ, ನೆಲಕ್ಕೆ ಮೈಚಾಚಿ ಮಲಗಿದ್ದರೂ ಜೀವ ಬಿಡದೆ, ಮಲಗಿದ ಕಾಂಡದಿಂದಲೇ ಮೂರು ಹೊಸ ಕೊಂಬೆಗಳನ್ನು ನೆಟ್ಟಗೆ ಮೇಲಕ್ಕೆ ಎತ್ತಿ ನಿಲ್ಲಿಸಿರುವ ಒಂದು ಹುಣಸೆಮರ ಕಾಣುತ್ತದೆ. ಆರು ವರ್ಷಗಳಿಂದ ಈ ತೋಪಿಗೆ ಬರುತ್ತಿದ್ದು, ಕಳೆದ ಐದು ವರ್ಷಗಳಿಂದ ತಿಂಗಳಿಗೊಮ್ಮೆಯಾದರೂ ಆ ಬಂಡೆಯ ಮೇಲೆ ನಿಂತು, ಅದೇ 50 ಮಿ.ಮೀ. ಲೆನ್ಸಿನಲ್ಲಿ, ಅದೇ ಮರದ ಒಂದು ಚಿತ್ರ ತೆಗೆದುಕೊಂಡು ಬರುತ್ತಿದ್ದೇನೆ. ಆ ಮೇಲೆ ತೋಪನ್ನೆಲ್ಲ ಸುತ್ತುತ್ತೇನೆ, ಬೇರೆ ಚಿತ್ರಗಳನ್ನೂ ತೆಗೆಯುತ್ತೇನೆ. ಆದರೆ ಮೊದಲ ಚಿತ್ರ ಮಾತ್ರ ಮಲಗಿದ ಮರದ್ದೇ.

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿನಲ್ಲಿರುವ ಈ ತೋಪಿನ ವಿಸ್ತಾರ ಸುಮಾರು 54 ಎಕರೆ. ಹೆಚ್ಚು ಕಡಿಮೆ ಮುನ್ನೂರು ಹುಣಸೆಮರಗಳು ಇಲ್ಲಿವೆ. ಹಳೇ ಮೈಸೂರು ಸೀಮೆಯ ಹಳ್ಳಿಗಳಿಗೆ ಗುಂಡುತೋಪು ಹೊಸದಲ್ಲ. ಮಾವು, ನೇರಳೆ, ಹೊಂಗೆ, ಹುಣಸೆ ಬೆಳೆದು ನಿಂತ, ಊರಿಗೆಲ್ಲ ಸೇರಿದ ಅಂಥ ತೋಪುಗಳಲ್ಲಿ ದನ ಕಟ್ಟುತ್ತಿದ್ದರು, ಸಂತೆಗೆ ಹೋಗುವ ಗಾಡಿ ಬಿಚ್ಚುತ್ತಿದ್ದರು, ಮದುವೆಯ ದಿಬ್ಬಣ ಇಳಿಸುತ್ತಿದ್ದರು. ಅವುಗಳಲ್ಲಿ ಹಲವು ನಿವೇಶನಗಳಾಗಿ, ಬಸ್ ನಿಲ್ದಾಣಗಳಾಗಿ ಕರಗಿಹೋದುದನ್ನು ಕಂಡಿರುವವರಿಗೆ ನಲ್ಲೂರಿನ ತೋಪು ಉಳಿದಿರುವುದೇ ಒಂದು ದೊಡ್ಡ ಸಂಗತಿಯೆನಿಸುತ್ತದೆ. 2002ರ ಜೀವವೈವಿಧ್ಯ ಕಾಯ್ದೆಯ 37ನೇ ಸೆಕ್ಷನ್ನಿನ ಅಡಿಯಲ್ಲಿ 2007ರಲ್ಲಿ ಕರ್ನಾಟಕ ಸರ್ಕಾರ ಇದನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿತು. ದೇಶದಲ್ಲಿಯೇ ಆ ಮನ್ನಣೆ ಪಡೆದ ಮೊದಲ ತಾಣ ಇದು. ಮರುವರ್ಷವೇ, ಅಂದರೆ 2008ರಲ್ಲಿ, ಇದೇ ತಾಲ್ಲೂಕಿನಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಶುರುವಾಯಿತು. ಸುತ್ತಮುತ್ತಲಿನ ರಾಗಿ ಹೊಲ, ದ್ರಾಕ್ಷಿ ತೋಟಗಳ ಬೆಲೆ ಎಲ್ಲಿಗೆ ಏರಿತೆಂಬುದು ಈ ಭಾಗದವರಿಗೆಲ್ಲ ಗೊತ್ತು. ಘೋಷಣೆ ಇನ್ನು ಕೆಲವು ವರ್ಷ ತಡವಾಗಿದ್ದರೆ ಏನಾಗುತ್ತಿತ್ತೆಂದು ನಾನು ಆಗಾಗ ಯೋಚಿಸುತ್ತೇನೆ, ಮತ್ತು ಆ ಯೋಚನೆ ನನಗೆ ಹಿತವೆನಿಸುವುದಿಲ್ಲ.

ಮೊದಲ ವರ್ಷ ನಾನು ತೆಗೆದ ಚಿತ್ರಗಳು ನನಗೆ ಏನನ್ನೂ ಹೇಳಲಿಲ್ಲ. ಇಲ್ಲಿಗೆ ಬರುವ ಹೊಸಬರೆಲ್ಲರ ಹಾಗೆ ನಾನೂ ಕಾಂಡಗಳಿಗೆ ಮರುಳಾಗಿದ್ದೆ. ತಿರುಚಿಕೊಂಡ, ಗಂಟುಗಂಟಾದ, ಒಳಗೆ ಇಬ್ಬರು ಕೂರಬಹುದಾದಷ್ಟು ಪೊಳ್ಳಾದ, ಒಂದೇ ಮರ ಸೀಳಿ ನಾಲ್ಕಾದಂತೆ ತೋರುವ ಕಾಂಡಗಳು ಕಣ್ಣಿಗೆ ಬಿದ್ದ ಕೂಡಲೇ ಬೇರೆಲ್ಲ ಮರೆತುಹೋಗುತ್ತದೆ. ವೈಡ್ ಆಂಗಲ್ ಲೆನ್ಸ್ ಹಿಡಿದು, ಬುಡದ ಹತ್ತಿರ ಕುಕ್ಕರುಗಾಲಿನಲ್ಲಿ ಕುಳಿತು, ಮರ ಇನ್ನೂ ದೈತ್ಯಾಕಾರವಾಗಿ ಕಾಣುವಂತೆ ನೂರಾರು ಚಿತ್ರ ತೆಗೆದೆ. ವರ್ಷದ ಕೊನೆಗೆ ಅವನ್ನೆಲ್ಲ ಒಟ್ಟಿಗೆ ಹರಡಿಕೊಂಡು ನೋಡಿದಾಗ ಜನವರಿಯ ಚಿತ್ರ ಯಾವುದು, ಜುಲೈನ ಚಿತ್ರ ಯಾವುದು ಎಂದು ನನಗೇ ಗೊತ್ತಾಗಲಿಲ್ಲ. ಕಾಂಡ ಮರದ ವಯಸ್ಸನ್ನು ಹೇಳುತ್ತದೆಯೇ ಹೊರತು ಕಾಲವನ್ನು ಹೇಳುವುದಿಲ್ಲ. ಮುತ್ತುಗದಂತೆ ಹುಣಸೆ ತನ್ನ ಋತುವನ್ನು ದೂರದಿಂದ ಸಾರುವ ಮರವಲ್ಲ. ಹಳದಿಗೆ ತಿರುಗಿ ಬೋಳಾಗಿ ನಿಲ್ಲುವುದು ಅಪರೂಪ, ಹೂವು ಬಿಟ್ಟರೂ ರಸ್ತೆಯಲ್ಲಿ ಹೋಗುವವರಿಗೆ ತಿಳಿಯುವುದಿಲ್ಲ. ಅದರ ಬದಲಾವಣೆಯೆಲ್ಲ ಚಿಕ್ಕ ಅಳತೆಯಲ್ಲಿ ನಡೆಯುತ್ತದೆ, ಮತ್ತು ಅದನ್ನು ಕಾಣಬೇಕಾದರೆ ಒಂದೇ ಕಡೆ ನಿಲ್ಲಬೇಕು. ಬಂಡೆಯನ್ನು ಆರಿಸಿಕೊಂಡದ್ದು ಆಗ.

ವಯಸ್ಸಿನ ಮಾತು ಬಂದುದರಿಂದ ಒಂದು ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಈ ಮರಗಳು ಚೋಳರ ಕಾಲದವೆಂದು ಊರಿನಲ್ಲಿ ನಂಬಿಕೆಯಿದೆ. ಒಂದು ಮರಕ್ಕೆ 400 ವರ್ಷ ದಾಟಿದೆಯೆಂದು ಪತ್ರಿಕೆಗಳಲ್ಲಿ ಬಂದಿದೆ. ತೋಪಿನೊಳಗೆ ಹಾಳುಬಿದ್ದ ಚೆನ್ನಕೇಶವನ ಕಲ್ಲುಗುಡಿಯೂ ಇದೆ. ಆದರೆ ಬುಡದ ಬಳೆಗಳನ್ನು ಎಣಿಸಿ ಇಲ್ಲಿನ ಹಳೆಯ ಮರಗಳ ವಯಸ್ಸು ಹೇಳುವುದು ಆಗದ ಮಾತು, ಏಕೆಂದರೆ ಎಣಿಸಬೇಕಾದ ಚೇಗೇ, ಅಂದರೆ ನಡುವಿನ ಗಟ್ಟಿ ಕಟ್ಟಿಗೆಯೇ, ಅವುಗಳಲ್ಲಿ ಕೊಳೆತು ಉದುರಿಹೋಗಿದೆ. ಮರಕ್ಕೆ ನೀರು ಏರುವುದು ಹೊರಭಾಗದ ಎಳೆಯ ಕಟ್ಟಿಗೆಯಲ್ಲಿ. ಹಾಗಾಗಿ ಒಳಗೆಲ್ಲ ಖಾಲಿಯಾದರೂ ತೊಗಟೆಯ ಕೆಳಗಿನ ನಾಲ್ಕು ಬೆರಳು ದಪ್ಪದ ಪದರ ಗಟ್ಟಿಯಿದ್ದರೆ ಮೇಲೆ ಹಸಿರು ಉಳಿಯುತ್ತದೆ. ‘ಹುಣಸೆ ಮುಪ್ಪಾದರೂ ಹುಳಿ ಮುಪ್ಪೇ’ ಎಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳಿದ್ದೆನಾದರೂ, ಟೊಳ್ಳು ಕಾಂಡದ ಮೇಲೆ ತೂಗುವ ಕಾಯಿಗೊಂಚಲನ್ನು ಇಲ್ಲಿ ಕಂಡ ಮೇಲೆಯೇ ಅದನ್ನು ಕಟ್ಟಿದವರು ಏನನ್ನು ನೋಡಿರಬೇಕೆಂದು ಅರಿವಾದದ್ದು.

ವರ್ಷದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಕಾಯುವುದು ಡಿಸೆಂಬರ್ ಮತ್ತು ಜನವರಿಯ ಮಂಜಿಗಾಗಿ. ನಂದಿಬೆಟ್ಟದ ಈ ಸೀಮೆಯಲ್ಲಿ ಆ ದಿನಗಳ ಮುಂಜಾನೆ ಎಷ್ಟು ದಟ್ಟವಾಗಿ ಮಂಜು ಕವಿಯುತ್ತದೆಂದರೆ, ವಿಮಾನಗಳು ತಡವಾದ ಸುದ್ದಿ ಪತ್ರಿಕೆಯಲ್ಲಿ ಬಂದ ಬೆಳಿಗ್ಗೆಗಳೇ ನನಗೆ ಒಳ್ಳೆಯ ಚಿತ್ರ ಸಿಕ್ಕ ಬೆಳಿಗ್ಗೆಗಳೂ ಆಗಿರುತ್ತವೆ. ಸ್ಕೂಟರಿನಲ್ಲಿ ಐದೂವರೆಗೆ ಹೊರಟರೆ ದಾರಿಯುದ್ದಕ್ಕೂ ಹೊಲಗಳಿಂದ ಅವರೆಯ ಸೊಗಡು ಮೂಗಿಗೆ ಬಡಿಯುತ್ತದೆ. ತೋಪಿನ ಬಾಗಿಲಲ್ಲಿರುವ ಗಂಗಮ್ಮನ ಗುಡಿಯ ಹತ್ತಿರ ಗಾಡಿ ನಿಲ್ಲಿಸಿ ಒಳಗೆ ನಡೆದರೆ ಮೊದಲಿಗೆ ಏನೂ ಕಾಣುವುದಿಲ್ಲ, ಬರೀ ಕೇಳಿಸುತ್ತದೆ: ಎಲೆಯಿಂದ ಎಲೆಗೆ, ಎಲೆಯಿಂದ ತರಗಿಗೆ ಇಬ್ಬನಿ ತೊಟ್ಟಿಕ್ಕುವ ಸದ್ದು. ಬೇರೆ ಕಾಲದಲ್ಲಿ ಈ ತೋಪನ್ನು ಚಿತ್ರಿಸುವುದರ ಮುಖ್ಯ ತೊಡಕೆಂದರೆ ಒಂದು ಮರದ ಕೊಂಬೆ ಹಿಂದಿನ ಮರದ ಕೊಂಬೆಯೊಡನೆ ಸಿಕ್ಕಿಕೊಂಡು ಯಾವುದು ಯಾರದೆಂದು ತಿಳಿಯದೆ ಹೋಗುವುದು. ಅವುಗಳನ್ನು ಬಿಡಿಸುವ ಕೆಲಸವನ್ನು ಮಂಜು ತಾನೇ ಮಾಡಿಕೊಡುತ್ತದೆ. ಮುಂದಿನ ಮರ ಕಪ್ಪಾಗಿ, ಅದರ ಹಿಂದಿನದು ಬೂದಿಬಣ್ಣವಾಗಿ, ಅದಕ್ಕೂ ಹಿಂದಿನದು ಇದೆಯೋ ಇಲ್ಲವೋ ಎಂಬಂತೆ ಬೇರೆಬೇರೆಯಾಗಿ ನಿಲ್ಲುತ್ತವೆ. ಮಲಗಿದ ಮರದ ಮೂರು ಕೊಂಬೆಗಳು ಸ್ಪಷ್ಟವಾಗಿ ಮೂರು ಮರಗಳಂತೆ ನನ್ನ ಚಿತ್ರದಲ್ಲಿ ಮೂಡಿದ್ದು ಅಂಥ ಒಂದು ಜನವರಿಯ ಬೆಳಿಗ್ಗೆಯೇ. ಕ್ಯಾಮೆರಾದ ಲೆಕ್ಕಕ್ಕೆ ಬಿಟ್ಟರೆ ಅದು ಬಿಳಿಯ ಮಂಜನ್ನು ಕೊಳೆ ಬಣ್ಣಕ್ಕೆ ಇಳಿಸಿಬಿಡುತ್ತದೆ, ಆದ್ದರಿಂದ ಎಕ್ಸ್‌ಪೋಷರನ್ನು, ಅಂದರೆ ಕ್ಯಾಮೆರಾ ಒಳಬಿಟ್ಟುಕೊಳ್ಳುವ ಬೆಳಕನ್ನು, ಒಂದು ಸ್ಟಾಪಿನಷ್ಟು (ಎರಡರಷ್ಟಕ್ಕೆ) ಏರಿಸಿಕೊಳ್ಳಬೇಕಾಗುತ್ತದೆ. ಮಳೆಗಾಲದಲ್ಲಿ ಇದು ತಿರುವುಮುರುವಾಗುತ್ತದೆ: ನೆನೆದ ತೊಗಟೆ ಇದ್ದಲಿನಂತೆ ಕಪ್ಪಾಗಿರುವುದರಿಂದ, ಇಳಿಸಿಕೊಳ್ಳದಿದ್ದರೆ ಕ್ಯಾಮೆರಾ ಅದನ್ನು ಬೆಳ್ಳಗೆ ಮಾಡಿ ತೇವವನ್ನೇ ಅಳಿಸಿಹಾಕುತ್ತದೆ.

ಸಂಕ್ರಾಂತಿ ಕಳೆದು ಚಳಿ ಹಿಂದೆ ಸರಿಯುತ್ತಿದ್ದಂತೆ ಕಾಯಿ ಬಲಿಯುತ್ತದೆ. ಬಲಿತ ಕಾಯಿ ಹಣ್ಣಾಗುವ ನಡುವೆ ದೋರೆಗಾಯಿಯ ಹದವೊಂದಿದೆ. ಹೊರಗಿನ ಸಿಪ್ಪೆ ತಿರುಳಿನಿಂದ ಬಿಟ್ಟುಕೊಂಡಿರುತ್ತದೆ, ಒಳಗಿನದು ಇನ್ನೂ ಹಸಿರುಗೆಂಪಾಗಿ ಹುಳಿಸಿಹಿಯಾಗಿರುತ್ತದೆ. ಶಾಲೆಗೆ ಹೋಗುವಾಗ ಅಂಗಿಯ ಜೇಬಿನಲ್ಲಿ ಉಪ್ಪು ಕಟ್ಟಿಕೊಂಡು ಹೋಗುತ್ತಿದ್ದವರಿಗೆಲ್ಲ ಆ ರುಚಿ ಬಾಯಲ್ಲಿ ಇದ್ದೇ ಇರುತ್ತದೆ. ಪೂರ್ತಿ ಹಣ್ಣಾದ ಮೇಲೆ ಸಿಪ್ಪೆ ಒಣಗಿ, ಗಾಳಿ ಬೀಸಿದಾಗ ಕಾಯಿಗೆ ಕಾಯಿ ತಾಗಿ ತೋಪಿಗೆ ತೋಪೇ ಗಲಗಲ ಎನ್ನುತ್ತದೆ. ಗಿಳಿಗಳು ಹಿಂಡುಹಿಂಡಾಗಿ ಬರುತ್ತವೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಈ ಕಡೆಯ ಹಳ್ಳಿಗಳಲ್ಲಿ ಹುಣಸೆಯ ಸುಗ್ಗಿ. ದೋಟಿ ಹಿಡಿದು ಮರ ಹತ್ತಿದವರು ಕೊಂಬೆಯನ್ನು ಕುಲುಕಿ ಬಡಿಯುತ್ತಾರೆ, ಕೆಳಗೆ ಹೆಂಗಸರು ಆರಿಸಿ ಗೋಣಿಗೆ ತುಂಬುತ್ತಾರೆ. ಆಮೇಲಿನ ಕೆಲಸವೆಲ್ಲ ಮನೆಯ ಜಗುಲಿಯಲ್ಲಿ: ಬಿಸಿಲಿಗೆ ಹರಡಿ, ಸಿಪ್ಪೆ ಬಿಡಿಸಿ, ನಾರು ಎಳೆದು, ಕಲ್ಲಿನ ಮೇಲಿಟ್ಟು ಕುಟ್ಟಿ ಬೀಜ ಹಾರಿಸಿ, ಉಪ್ಪು ಬೆರೆಸಿ ಮಡಕೆಗೆ ತುಂಬಿಡುವುದು. ಆ ಜಗುಲಿಗಳ ಚಿತ್ರಗಳೂ ಈಗ ನನ್ನ ತೋಪಿನ ಸಂಗ್ರಹದಲ್ಲಿವೆ. ಮನೆಯವರನ್ನು ಕೇಳಿಯೇ ತೆಗೆದದ್ದು. ಅವುಗಳಲ್ಲಿ ನನಗೆ ಅಚ್ಚುಮೆಚ್ಚಿನದು ಒಂದು ಜೊತೆ ಕೈಗಳ ಚಿತ್ರ. ಉಗುರಿನ ಸಂದಿಗಳೆಲ್ಲ ಕಂದಾಗಿವೆ, ಹೆಬ್ಬೆರಳಿಗೆ ಬಟ್ಟೆ ಸುತ್ತಿದೆ, ಏಕೆಂದರೆ ದಿನವಿಡೀ ಹುಳಿ ತಾಕಿ ಚರ್ಮ ಬಿರಿಯುತ್ತದೆ. ಅಂಗಡಿಯಿಂದ ತಂದ ಹುಣಸೆಯ ಉಂಡೆಯನ್ನು ನೀರಿಗೆ ಹಾಕುವಾಗ ಆ ಬಟ್ಟೆ ಸುತ್ತಿದ ಹೆಬ್ಬೆರಳು ನನ್ನ ಕಣ್ಣಿಗೆ ಬರುತ್ತದೆ.

ಸುಗ್ಗಿಯ ಆ ದಿನಗಳಲ್ಲಿಯೇ ಆಡು ಮೇಯಿಸಲು ಬರುವ ಒಬ್ಬ ಅಜ್ಜಿಯ ಪರಿಚಯವಾಯಿತು. ಮೂರನೆಯ ವರ್ಷದ ಮಾರ್ಚ್ ಇರಬೇಕು. ನಾನು ಬಂಡೆಯ ಮೇಲೆ ನಿಂತಿದ್ದಾಗ ಹಿಂದಿನಿಂದ, “ಏನಪ್ಪಾ, ಆವತ್ತಿಂದ್ಲೂ ನೋಡ್ತಿವ್ನಿ, ಇದೊಂದೇ ಮರ ತೆಗೀತೀಯಲ್ಲ, ಯಾಕೆ?” ಎಂದರು. ವರ್ಷದಲ್ಲಿ ಮರ ಹೇಗೆಲ್ಲ ಬದಲಾಗುತ್ತದೆಂದು ನೋಡುತ್ತಿದ್ದೇನೆ ಅಜ್ಜೀ ಎಂದೆ. ಅವರು ಸ್ವಲ್ಪ ಹೊತ್ತು ಮರವನ್ನು ನೋಡಿ, “ಹಂಗಾದ್ರೆ ಆ ನಡೂಕಿನ ಕೊಂಬೆ ನೋಡು. ಹೋದ್ ವರ್ಸ ಮೈತುಂಬಾ ಕಾಯಿತ್ತು, ಈ ವರ್ಸ ಇಲ್ಲ. ಮುಂದಿನ್ ವರ್ಸ ಬಿಡ್ತದೆ” ಎಂದು ಹೇಳಿ ಆಡುಗಳ ಹಿಂದೆ ಹೋದರು. ಮನೆಗೆ ಬಂದು ಹಳೆಯ ಚಿತ್ರಗಳನ್ನು ತೆಗೆದು ಹಿಗ್ಗಿಸಿ ನೋಡಿದೆ. ಹಿಂದಿನ ವರ್ಷದ ಮಾರ್ಚ್ ಚಿತ್ರದಲ್ಲಿ ನಡುವಿನ ಕೊಂಬೆ ಕಾಯಿಯ ಭಾರಕ್ಕೆ ಬಾಗಿತ್ತು. ಅದನ್ನು ತೆಗೆದವನು ನಾನೇ ಆಗಿದ್ದರೂ ನನ್ನ ಕಣ್ಣು ಅಲ್ಲಿಗೆ ಹೋಗಿರಲಿಲ್ಲ. ಮುಂದಿನ ವರ್ಷ ಅವರು ಹೇಳಿದಂತೆಯೇ ಆಯಿತು. ಹುಣಸೆ ಒಂದು ವರ್ಷ ಹೆಚ್ಚು ಫಲ ಕೊಟ್ಟರೆ ಮರುವರ್ಷ ಕೈ ಬಿಗಿಹಿಡಿಯುವುದುಂಟೆಂದು ತೋಟಗಾರಿಕೆಯವರು ಹೇಳುತ್ತಾರೆ. ಅಜ್ಜಿಗೆ ಮಾತ್ರ ಯಾವ ಮರ ಯಾವ ವರ್ಷ ಎಂಬುದು ಕೂಡ ಗೊತ್ತಿತ್ತು, ಯಾವ ಮರದ ಹಣ್ಣು ಸಾರಿಗೆ, ಯಾವುದು ಗೊಜ್ಜಿಗೆ ಎಂಬುದೂ ಗೊತ್ತಿತ್ತು. ಅಂದಿನಿಂದ ನಾನು ಚಿತ್ರ ತೆಗೆಯುವ ಮುನ್ನ ಐದು ನಿಮಿಷ ಕ್ಯಾಮೆರಾವನ್ನು ಚೀಲದಲ್ಲಿಯೇ ಬಿಟ್ಟು ಮರವನ್ನು ಬರಿಗಣ್ಣಿನಿಂದ ನೋಡುತ್ತೇನೆ.

ಯುಗಾದಿಯ ಆಸುಪಾಸಿನಲ್ಲಿ ಹಳೆಯ ಎಲೆ ಉದುರಿ ಚಿಗುರು ಬರುತ್ತದೆ. ಎಲ್ಲ ಮರಗಳೂ ಒಟ್ಟಿಗೆ ಚಿಗುರುವುದಿಲ್ಲ. ಒಂದು ಮರ ಕಡುಹಸಿರಾಗಿಯೇ ಇರುವಾಗ ಪಕ್ಕದ್ದು ಅರೆಬೋಳಾಗಿ, ಅದರಾಚೆಯದು ತಿಳಿಗೆಂಪು ಚಿಗುರು ಹೊತ್ತು ನಿಂತಿರುತ್ತದೆ. ಪೂರ್ವದಿಂದ ಬೀಳುವ ಎಳೆಬಿಸಿಲು ಆ ಚಿಗುರನ್ನು ಹಿಂದಿನಿಂದ ಬೆಳಗುವ ಸುಮಾರು ಅರ್ಧ ಗಂಟೆಯಲ್ಲಿ ತೆಗೆದ ಚಿತ್ರಗಳಲ್ಲಿ ಒಂದೊಂದು ಎಲೆಯ ನರವೂ ಎಣಿಸಬಹುದಾದಷ್ಟು ಸ್ಪಷ್ಟವಾಗಿರುತ್ತದೆ. ಒಂದು ಕಡ್ಡಿಗೆ ಹತ್ತರಿಂದ ಇಪ್ಪತ್ತು ಜೋಡಿ ಕಿರುಎಲೆ. ಬೇಸಗೆಯಲ್ಲಿ ಉಳಿದ ಹೊತ್ತೆಲ್ಲ ಬೆಳಕು ಕಠಿಣ. ಕೊಂಬೆಗಳ ನಡುವಿನಿಂದ ಬೀಳುವ ಬಿಸಿಲಿನ ಚುಕ್ಕೆಗಳು ನೆರಳನ್ನು ಚೂರುಚೂರು ಮಾಡುವುದರಿಂದ ಹತ್ತು ಗಂಟೆಯ ಮೇಲೆ ನಾನು ಕ್ಯಾಮೆರಾ ಮುಟ್ಟುವುದಿಲ್ಲ. ಚಿಗುರಿನ ಕಾಲದಲ್ಲಿ ಊರಿನವರು ಮಡಿಲಿಗೆ ಒಂದು ಹಿಡಿ ಕೊಯ್ದುಕೊಂಡು ಹೋಗುವುದನ್ನು ಕಂಡಿದ್ದೇನೆ. ಹುಣಸೆ ಚಿಗುರಿನ ಚಟ್ನಿಗೆ ರಾಗಿಮುದ್ದೆಯ ಜೊತೆಗಿರುವ ಸಂಬಂಧವನ್ನು ಈ ಸೀಮೆಯವರಿಗೆ ವಿವರಿಸಬೇಕಾಗಿಲ್ಲ.

‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎನ್ನುತ್ತಾರೆ. ಏಪ್ರಿಲ್ ಕೊನೆಯ ಆ ಮಳೆ ಬಿದ್ದು ಕೆಲವು ವಾರಗಳಲ್ಲಿ ಹುಣಸೆ ಹೂವಾಗುತ್ತದೆ. ಐದು ವರ್ಷದ ಹಿಂದೆ ನನ್ನನ್ನು ಕೇಳಿದ್ದರೆ ಹುಣಸೆಯ ಹೂವಿನ ಬಣ್ಣ ಹೇಳಲು ನನ್ನಿಂದಾಗುತ್ತಿರಲಿಲ್ಲ. ಮೇ ತಿಂಗಳ ಒಂದು ಬೆಳಿಗ್ಗೆ ಮಲಗಿದ ಮರದ ಕೆಳಗೊಂಬೆಯೊಂದರಲ್ಲಿ, ಕಣ್ಣಿನ ಮಟ್ಟಕ್ಕೇ ಒಂದು ಗೊಂಚಲು ಸಿಕ್ಕಿತು. ಮ್ಯಾಕ್ರೋ ಲೆನ್ಸ್ ಹಾಕಿ, ಗಾಳಿ ನಿಲ್ಲುವುದನ್ನು ಕಾಯುತ್ತ ಒಂದು ಗಂಟೆಗೂ ಮಿಕ್ಕಿ ಅದರ ಮುಂದೆ ನಿಂತೆ. ಮೊಗ್ಗು ನಸುಗೆಂಪು, ಅಕ್ಕಿಕಾಳಿನ ಎರಡರಷ್ಟು ಗಾತ್ರ. ಅರಳಿದ ಹೂವು ಅಂಗುಲದಷ್ಟು ಅಗಲ. ಮಾಸಲು ಹಳದಿಯ ಎಸಳುಗಳ ಮೇಲೆ ಕೆಂಪು ಗೆರೆಗಳು ಕವಲೊಡೆಯುತ್ತ ಅಂಚಿನವರೆಗೆ ಹರಿದಿವೆ. ಎಸಳು ಮೂರೇ ಎಂದು ಕಾಣುತ್ತದೆಯಾದರೂ ನಿಜವಾಗಿ ಐದು. ಉಳಿದೆರಡು ಕುಗ್ಗಿ ಬುಡದಲ್ಲಿ ದಾರದ ತುಂಡಿನಂತೆ ಅಡಗಿರುತ್ತವೆ. ಮೂರು ಕೇಸರಗಳು ಒಂದೇ ಬುಡದಿಂದ ಎದ್ದು ಮುಂದಕ್ಕೆ ಬಾಗಿವೆ. ಜೇನ್ನೊಣವೊಂದು ಬಂದು ಕುಳಿತಾಗ ಹೂವಿನ ತೊಟ್ಟೇ ತೂಗಿತು, ಚಿತ್ರ ಕದಡಿತು. ಆದರೂ ಅದನ್ನು ಅಳಿಸದೆ ಇಟ್ಟುಕೊಂಡಿದ್ದೇನೆ. ಈ ಹೂವು ಹಣ್ಣಾಗಲು ಮುಂದಿನ ಸುಗ್ಗಿಯವರೆಗೆ ಎಂಟು ಹತ್ತು ತಿಂಗಳು ಬೇಕು. ಹೀಗಾಗಿ ವರ್ಷದ ಹೆಚ್ಚಿನ ಕಾಲ ಹುಣಸೆಮರ ಕಾಯಿ ಹೊತ್ತುಕೊಂಡೇ ಇರುತ್ತದೆ, ಎಲೆಯ ನಡುವೆ ಹಸಿರಾಗಿ ಬೆರೆತಿರುವುದರಿಂದ ನಮಗೆ ಕಾಣುವುದಿಲ್ಲ ಅಷ್ಟೆ.

ಮುಂಗಾರಿನ ತಿಂಗಳುಗಳಲ್ಲಿ ನಡೆಯುವುದು ಹೆಚ್ಚು, ಚಿತ್ರ ಕಡಿಮೆ. ಮೋಡದ ಬೆಳಕು ಮೃದುವಾಗಿದ್ದು ಮಧ್ಯಾಹ್ನವೂ ಕೆಲಸ ಮಾಡಬಹುದು. ಪೊಟರೆಗಳ ಒಳಗೋಡೆಯಲ್ಲಿ ಅಣಬೆಗಳು ಮೆಟ್ಟಿಲು ಮೆಟ್ಟಿಲಾಗಿ ಏಳುತ್ತವೆ. ಒಂದು ಪೊಟರೆಯಲ್ಲಿ ಚುಕ್ಕೆ ಗೂಬೆಗಳ ಜೋಡಿಯಿದೆ; ಫ್ಲ್ಯಾಶ್ ಬಳಸದೆ, ಹತ್ತಿರ ಹೋಗದೆ, ವರ್ಷಕ್ಕೆ ಒಂದೆರಡು ಬಾರಿ ಮಾತ್ರ ಅವುಗಳನ್ನು ತೆಗೆಯುತ್ತೇನೆ. ನಮ್ಮ ಕಡೆ ಹೆಚ್ಚಿನ ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆಗ ತೋಪಿನ ಸುತ್ತಲ ಹೊಲಗಳಲ್ಲಿ ರಾಗಿ ತೆನೆ ಕಟ್ಟುತ್ತಿರುತ್ತದೆ, ನೆಲವೆಲ್ಲ ಕಳೆಗಿಡ ಬೆಳೆದು ಬಂಡೆಯವರೆಗೆ ಹೋಗುವುದೇ ಕಷ್ಟವಾಗುತ್ತದೆ.

ಸಂಜೆಯ ಒಂದು ನೋಟವನ್ನು ಹೇಳದೆ ಮುಂದೆ ಹೋಗಲಾರೆ. ಹುಣಸೆಯ ಕಿರುಎಲೆಗಳು ರಾತ್ರಿ ಜೋಡಿಜೋಡಿಯಾಗಿ ಮಡಚಿಕೊಳ್ಳುತ್ತವೆ. ಎಲ್ಲ ಪುಸ್ತಕಗಳಲ್ಲಿಯೂ ಇರುವ ಮಾತು ಅದು. ಆದರೆ ಮುನ್ನೂರು ಮರಗಳು ಒಟ್ಟಿಗೆ ಮಡಚಿಕೊಳ್ಳುವ ತೋಪಿನಲ್ಲಿ ಅದರ ಪರಿಣಾಮವೇ ಬೇರೆ. ಸೂರ್ಯ ಇಳಿದು ಕತ್ತಲಾಗಬೇಕಾದ ಹೊತ್ತಿಗೆ ತಲೆಯ ಮೇಲಿನ ಚಪ್ಪರ ತೆಳುವಾಗಿ, ಹಗಲಿನಲ್ಲಿ ಕಾಣದಿದ್ದ ಆಕಾಶ ಕೊಂಬೆಗಳ ನಡುವೆ ತೆರೆದುಕೊಳ್ಳುತ್ತದೆ. ಹಾರಿಹೋಗುವ ವಿಮಾನಗಳ ದೀಪ ಕೂಡ ಕಾಣತೊಡಗುತ್ತದೆ. ಟ್ರೈಪಾಡಿನ ಮೇಲೆ ಕ್ಯಾಮೆರಾ ನಿಲ್ಲಿಸಿ, ಐದು ನಿಮಿಷಕ್ಕೊಂದರಂತೆ ತಲೆಯ ಮೇಲಿನ ಒಂದೇ ಕೊಂಬೆಯನ್ನು ತೆಗೆಯುತ್ತ ಹೋದಾಗ, ಮೊದಲ ಚಿತ್ರಕ್ಕೂ ಕೊನೆಯ ಚಿತ್ರಕ್ಕೂ ಎಲೆಗಳೇ ಅರ್ಧಕ್ಕರ್ಧ ಉದುರಿಹೋದಂತೆ ತೋರಿತು.

ತೋಪಿಗೆ ಬರುವವರು ಈಗ ಹೆಚ್ಚಾಗಿದ್ದಾರೆ. ಬರಲಿ, ನೋಡಲಿ ಎಂಬುದೇ ನನ್ನ ಆಸೆ. ಆದರೆ ಚಾಕುವಿನಿಂದ ತೊಗಟೆಯ ಮೇಲೆ ಹೆಸರು ಕೆತ್ತುವುದನ್ನು ಕಂಡಾಗ ಹೊಟ್ಟೆಯಲ್ಲಿ ಕಿವುಚಿದಂತಾಗುತ್ತದೆ. ಈ ಮರಗಳಿಗೆ ಉಳಿದಿರುವುದೇ ತೊಗಟೆಯ ಕೆಳಗಿನ ಆ ನಾಲ್ಕು ಬೆರಳ ಪದರ. ಸುತ್ತಲೂ ಅದನ್ನು ಕೊರೆದರೆ ಒಳಗಿನಿಂದ ಆಸರೆ ಕೊಡಲು ಏನೂ ಇಲ್ಲ. ಪೊಟರೆಯೊಳಗೆ ಬೆಂಕಿ ಹಾಕಿದ ಕಪ್ಪು ಗುರುತುಗಳನ್ನೂ ಎರಡು ಮರಗಳಲ್ಲಿ ಕಂಡಿದ್ದೇನೆ. ಗಾಯವಾದ ಮರಗಳನ್ನು ಗುರುತು ಹಚ್ಚಲು ಅನುಕೂಲವಾಗಲೆಂದು ಪ್ರತಿ ಸಲವೂ ಅವುಗಳ ಒಂದೊಂದು ಚಿತ್ರ ತೆಗೆದು ದಿನಾಂಕ ಬರೆದಿಡುತ್ತಿದ್ದೇನೆ.

ಈ ವರ್ಷ ಏಪ್ರಿಲ್ ಮೊದಲ ವಾರದ ಬಿರುಗಾಳಿಗೆ ಮಲಗಿದ ಮರದ ನಡುವಿನ ಕೊಂಬೆ, ಅಜ್ಜಿ ಬೆರಳು ಮಾಡಿ ತೋರಿಸಿದ್ದ ಆ ಕೊಂಬೆ, ಅರ್ಧಕ್ಕೆ ಮುರಿದುಬಿತ್ತು. ಕಾಯಿ ಹೊತ್ತ ವರ್ಷವಾದ್ದರಿಂದ ಭಾರ ಹೆಚ್ಚಾಗಿತ್ತು. ನಾನು ಹೋದಾಗ ಬಿದ್ದ ಭಾಗವನ್ನು ಯಾರೋ ಪಕ್ಕಕ್ಕೆ ಎಳೆದು ಹಾಕಿದ್ದರು, ಆಡುಗಳು ಅದರ ಚಿಗುರು ತಿನ್ನುತ್ತಿದ್ದವು. ಬಂಡೆಯ ಮೇಲೆ ನಿಂತು ಬಹಳ ಹೊತ್ತು ಕ್ಯಾಮೆರಾ ತೆಗೆಯಲು ಮನಸ್ಸಾಗಲಿಲ್ಲ. ಕೊನೆಗೆ ಎಂದಿನ ಜಾಗದಿಂದ, ಎಂದಿನ ಲೆನ್ಸಿನಲ್ಲಿ ಒಂದು ಚಿತ್ರ ತೆಗೆದೆ. ಅದರ ನಡುವಿನಲ್ಲಿ ಬರೀ ಆಕಾಶವಿದೆ. ಮೇ ತಿಂಗಳಲ್ಲಿ ಮುರಿದ ಜಾಗ ಒಣಗಿ ಬೂದುಬಣ್ಣಕ್ಕೆ ತಿರುಗಿತ್ತು. ಜೂನಿನಲ್ಲಿ, ಮೃಗಶಿರ ಮಳೆ ಹಿಡಿದ ವಾರ, ಹತ್ತಿರ ಹೋಗಿ ನೋಡಿದಾಗ ಮುರಿತದ ಕೆಳಗೆ ತೊಗಟೆಯ ಬಿರುಕಿನಿಂದ ಐದು ಚಿಗುರುಗಳು ಹೊರಟಿದ್ದವು. ಎಲ್ಲಕ್ಕಿಂತ ದೊಡ್ಡದರ ಪಕ್ಕದಲ್ಲಿ ಅಳತೆಗಾಗಿ ನನ್ನ ಕೈ ಚಾಚಿ ಹಿಡಿದು ಒಂದು ಚಿತ್ರ ತೆಗೆದುಕೊಂಡೆ. ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ, ಸರಿಯಾಗಿ ಒಂದು ಗೇಣು.